ಟೈರು ದೊಡ್ಡದಾಯ್ತು, ಟೈರಾಡ್ ಹಳೇದೇ ಉಳೀತು

ಗಾಡಿ ಎತ್ತರಿಸುವ ಹುಚ್ಚು ಹುಬ್ಬಳ್ಳಿ-ಧಾರವಾಡದ ಪೇಟೆ ದಾಟಿ ಈಗ ಊರ ಅಗಸಿಗೆ ಬಂದು ನಿಂತಿದೆ. ಹಳೆಯ ಮಹೀಂದ್ರಾ ಜೀಪು, ಜಿಪ್ಸಿ, ಬೊಲೆರೊ, ಥಾರ್, ಯಾವುದಾದರೂ ಸರಿ. ಒಳಗೆ ಸ್ಪೇಸರ್ ಇಲ್ಲವೇ ಉದ್ದನೆಯ ಶ್ಯಾಕಲ್, ಹೊರಗೆ 31 ಇಂಚಿನ ಟೈರು, ಮುಂದೆ ಸಾಲು ಲೈಟು. ಚಹಾದಂಗಡಿ ಮುಂದೆ ನಿಲ್ಲಿಸಿದರೆ ಹುಡುಗರು ನೆರೆದು ಫೋಟೊ ಹೊಡೆಯುತ್ತಾರೆ. "ಹುಲಿ ನಿಂತಂಗ ನಿಂತೈತಿ ನೋಡಲೇ" ಅನ್ನುತ್ತಾರೆ.

ಅದೇ ಗಾಡಿಯ ಮುಂದಿನ ಚಕ್ರದ ಹಿಂದೆ ಒಮ್ಮೆ ಬಗ್ಗಿ ನೋಡಿ. ಎರಡೂ ಚಕ್ರಗಳನ್ನು ಜೋಡಿಸುವ ಟೈರಾಡ್ ಕಂಪನಿ ಕೊಟ್ಟದ್ದೇ. ಅದರ ತುದಿಯ ರಬ್ಬರ್ ಟೋಪಿ ಹರಿದು, ಗ್ರೀಸ್ ಒಣಗಿ, ಮಣ್ಣು ಕೂತಿರುತ್ತದೆ. ನೆಲಕ್ಕೆ ಹೆಚ್ಚೂಕಡಿಮೆ ಅಡ್ಡವಾಗಿ ಇರಬೇಕಾಗಿದ್ದ ಡ್ರ್ಯಾಗ್ ಲಿಂಕ್, ಮಾಳಿಗೆಗೆ ಹಚ್ಚಿದ ನಿಚ್ಚಣಿಕೆಯ ಹಾಗೆ ಓರೆ ನಿಂತಿರುತ್ತದೆ. ಲಕ್ಷಗಟ್ಟಲೆ ದುಡ್ಡು ಕಣ್ಣಿಗೆ ಕಾಣುವಲ್ಲಿ ಹೋಗಿದೆ. ಕಾಣದ ಕಡೆ ನೂರು ರೂಪಾಯಿಯೂ ಬಿದ್ದಿಲ್ಲ.

ನಾವು ಇದನ್ನು ಜೂಜು ಅನ್ನುತ್ತೇವೆ, ಅದೂ ಬೇರೆಯವರ ಜೀವ ಪಣಕ್ಕಿಟ್ಟು ಆಡುವ ಜೂಜು. ಕಟುವಾಯಿತು ಅನ್ನಿಸಿದರೆ ಅನ್ನಿಸಲಿ.

ಬೇರೆಯವರು ಅಂದರೆ ಯಾರು? ವಾರಕ್ಕೊಮ್ಮೆ ದಾಂಡೇಲಿ ಕಡೆ ಸುತ್ತಾಡುವ ಪೇಟೆ ಹುಡುಗನ ಗಾಡಿಯಲ್ಲಿ ಇರುವುದು ಅವನೂ ಅವನ ಗೆಳೆಯರೂ. ಹಳ್ಳಿಯಲ್ಲಿ ಹಾಗಲ್ಲ. ಇಲ್ಲಿ ಜೀಪು ದುಡಿಯುವ ಗಾಡಿ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಕಳೆ ತೆಗೆಯಲು, ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೆಣ್ಣುಮಕ್ಕಳನ್ನು ಬೆಳಗಾಗುವ ಮೊದಲೇ ತುಂಬಿಕೊಂಡು ಹೋಗುವುದು ಇಂಥ ಗಾಡಿಗಳೇ. ಬುತ್ತಿ ಗಂಟು ತೊಡೆಯ ಮೇಲಿಟ್ಟು ಹಿಂದೆ ಕೂತ ಅವ್ವನಿಗೆ ಟೈರಿನ ಅಳತೆ ಯಾರೂ ಕೇಳಿಲ್ಲ. ಎದುರಿಗೆ ಬೈಕಿನಲ್ಲಿ ಬರುವವನನ್ನೂ ಕೇಳಿಲ್ಲ. ಶೋಕಿ ಮಾಡಿದವನು ಒಬ್ಬ, ಅಪಾಯ ಹಂಚಿಕೊಂಡವರು ಹತ್ತು ಮಂದಿ.

ಗಾಡಿ ಎತ್ತರಿಸಿದಾಗ ಸ್ಟೇರಿಂಗಿಗೆ ಏನಾಗುತ್ತದೆ ಎಂಬುದನ್ನು ಗ್ಯಾರೇಜಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ. ನಾವು ಹೇಳುತ್ತೇವೆ, ಸ್ವಲ್ಪ ತಾಳ್ಮೆಯಿಂದ ಓದಿ.

ಲೀಫ್ ಸ್ಪ್ರಿಂಗಿನ ಹಳೆಯ ಗಾಡಿಯನ್ನೇ ತಗೊಳ್ಳಿ. ಜಿಪ್ಸಿ ಆ ಜಾತಿಯದು. ಇಂಥ ಗಾಡಿಯಲ್ಲಿ ಸ್ಟೇರಿಂಗ್ ಬಾಕ್ಸ್ ಚಾಸಿಗೆ ಬೋಲ್ಟ್ ಆಗಿರುತ್ತದೆ, ಚಕ್ರಗಳು ಆಕ್ಸಲ್ ಮೇಲಿರುತ್ತವೆ. ಇವೆರಡರ ನಡುವಿನ ಸಂಬಂಧ ಅಂದರೆ ಬಾಕ್ಸಿನಿಂದ ಇಳಿದ ಪಿಟ್‌ಮನ್ ಆರ್ಮ್ ಮತ್ತು ಅದರಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಎಂಬ ಸರಳು. ನೀವು ಸ್ಪ್ರಿಂಗ್ ಎತ್ತರಿಸಿದಿರಿ. ಚಾಸಿ ಮೇಲೆ ಹೋಯಿತು, ಬಾಕ್ಸ್ ಅದರ ಜೊತೆ ಹೋಯಿತು, ಆಕ್ಸಲ್ ಕೆಳಗೇ ಉಳಿಯಿತು. ಸರಳು ಓರೆಯಾಯಿತು.

ಓರೆಯಾದರೆ ಏನಂತೆ? 80 ಸೆಂಟಿಮೀಟರ್ ಉದ್ದದ ಒಂದು ಕೋಲು ನೆಲದ ಮೇಲೆ ಮಲಗಿದೆ ಅಂದುಕೊಳ್ಳಿ. ಅದರ ಒಂದು ತುದಿಯನ್ನು 5 ಸೆಂಟಿಮೀಟರ್ ಮೇಲೆತ್ತಿದರೆ ಎರಡು ತುದಿಗಳ ನಡುವಿನ ಅಡ್ಡ ಅಂತರ ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ಕಡಿಮೆಯಾಗುತ್ತದೆ. ಕಣ್ಣಿಗೆ ಕಾಣುವುದೂ ಇಲ್ಲ. ಈಗ ಅದೇ ಕೋಲಿನ ಒಂದು ತುದಿ ಇನ್ನೊಂದಕ್ಕಿಂತ 20 ಸೆಂಟಿಮೀಟರ್ ಕೆಳಗಿದೆ ಅನ್ನಿ. ಆ ಕೆಳಗಿನ ತುದಿಯನ್ನು ಮತ್ತೆ 5 ಸೆಂಟಿಮೀಟರ್ ಮೇಲೆತ್ತಿ. ಅಡ್ಡ ಅಂತರ 11 ಮಿಲಿಮೀಟರ್ ಬದಲಾಗುತ್ತದೆ, ಹೆಚ್ಚೂಕಡಿಮೆ ಏಳು ಪಟ್ಟು. ಆ 11 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಚಕ್ರಕ್ಕೆ. ಸ್ಟೇರಿಂಗನ್ನು ನೀವು ಅಲುಗಾಡಿಸದೆ ಹಿಡಿದಿದ್ದರೂ, ಮುಂದಿನ ಚಕ್ರ ಒಂದು ತಗ್ಗಿಗೆ ಬಿದ್ದು ಎದ್ದರೆ ಸಾಕು, ಗಾಡಿ ತಾನೇ ಒಂದು ಕಡೆ ಎಳೆಯುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ಬಂಪ್ ಸ್ಟೇರ್ ಅನ್ನುತ್ತಾರೆ. ಹೊಲದ ಹಾದಿಯಲ್ಲಿ 15ರ ವೇಗದಲ್ಲಿ ಅದು ಗೊತ್ತೇ ಆಗುವುದಿಲ್ಲ. ಡಾಂಬರಿನ ಮೇಲೆ 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತಿರುತ್ತದೆ.

ಆ 80 ಕೂಡ ಸುಳ್ಳು. ಬೊಲೆರೊಗೆ ಕಂಪನಿ ಕೊಡುವ 215/75 ಆರ್ 15 ಟೈರಿನ ಎತ್ತರ 28 ಇಂಚಿಗೂ ತುಸು ಕಡಿಮೆ. ಅದರ ಜಾಗದಲ್ಲಿ 31 ಇಂಚಿನದು ಹಾಕಿದರೆ ಮೀಟರ್ 80 ತೋರಿಸುವಾಗ ಗಾಡಿ 90ರ ಹತ್ತಿರ ಓಡುತ್ತಿರುತ್ತದೆ. ಬ್ರೇಕ್ ಮಾತ್ರ ಹಳೆಯದೇ. ದೊಡ್ಡ ಚಕ್ರವನ್ನು ನಿಲ್ಲಿಸಲು ಅದಕ್ಕೆ ಹೆಚ್ಚು ಬಲ ಬೇಕು, ಬಲ ಎಲ್ಲಿಂದ ಬರಬೇಕು? ಬ್ರೇಕಿನ ಕಥೆ ಬೇರೆಯೇ ಬರೆಯಬೇಕು, ಇಲ್ಲಿಗೆ ಬಿಡೋಣ.

ಟೈರು ಎತ್ತರವಾದದ್ದಷ್ಟೇ ಅಲ್ಲ, ಅಗಲವೂ ಆಯಿತು, ಭಾರವೂ ಆಯಿತು. ಫೆಂಡರಿನ ಹೊರಗೆ ಚಾಚಿರಲಿ ಅಂತ ಹೊರಬಾಗಿನ ರಿಮ್ ಹಾಕುತ್ತಾರೆ. ಆಗ ಚಕ್ರ ತಿರುಗುವ ಕೀಲಿನಿಂದ ಟೈರಿನ ನಡುಭಾಗ ದೂರ ಹೋಗುತ್ತದೆ. ಕಲ್ಲು ಬಡಿದಾಗ ಆ ಪೆಟ್ಟು ಉದ್ದ ಹಿಡಿಯ ಸುತ್ತಿಗೆಯಿಂದ ಹೊಡೆದ ಹಾಗೆ ಟೈರಾಡಿನ ಮೇಲೆ ಬೀಳುತ್ತದೆ. ಟೈರಾಡಿನ ತುದಿಯಲ್ಲಿರುವುದು ಬಟ್ಟಲಲ್ಲಿ ಕೂತ ಗುಂಡು, ನಮ್ಮ ತೊಡೆಯ ಕೀಲಿನ ಹಾಗೆ. ಕಂಪನಿ ಅದನ್ನು ತನ್ನ ಟೈರಿನ ಲೆಕ್ಕಕ್ಕೆ ಮಾಡಿದೆ. ಹೆಚ್ಚಿನ ಪೆಟ್ಟಿಗೆ ಬಟ್ಟಲು ಸವೆಯುತ್ತದೆ, ಗುಂಡು ಅಲುಗುತ್ತದೆ. ಮಿಸ್ತ್ರಿಗಳ ಮಾತಿನಲ್ಲಿ 'ಪ್ಲೇ' ಬರುತ್ತದೆ. ಪ್ಲೇ ಹೆಚ್ಚಾಗಿ ಹೆಚ್ಚಾಗಿ ಒಂದು ದಿನ ಗುಂಡು ಬಟ್ಟಲಿನಿಂದ ಹೊರಗೆ ಬಂದರೆ, ಸ್ಟೇರಿಂಗ್ ನಿಮ್ಮ ಕೈಯಲ್ಲೇ ಇರುತ್ತದೆ, ಚಕ್ರ ಮಾತ್ರ ನಿಮ್ಮ ಮಾತು ಕೇಳುವುದಿಲ್ಲ.

ಹೊಸ ಬೊಲೆರೊ, ಥಾರ್ ಇಟ್ಟವರು "ನಮ್ಮದು ಲೀಫ್ ಸ್ಪ್ರಿಂಗ್ ಅಲ್ಲ, ನಮಗೆ ಈ ತಾಪತ್ರಯ ಇಲ್ಲ" ಅನ್ನಬೇಡಿ. ಮುಂದಿನ ಎರಡು ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಈ ಗಾಡಿಗಳಲ್ಲಿ ಸ್ಪೇಸರ್ ಹಾಕಿ ಎತ್ತರಿಸಿದರೆ ಟೈರಾಡ್, ಬಾಲ್ ಜಾಯಿಂಟ್ ಎರಡೂ ಯಾವಾಗಲೂ ಬಗ್ಗಿದ ಕೋನದಲ್ಲೇ ಕೆಲಸ ಮಾಡುತ್ತವೆ. ಬಗ್ಗಿಯೇ ನಿಂತವನ ಸೊಂಟ ಎಷ್ಟು ದಿನ ಬಾಳೀತು? ಫೋರ್‌ವೀಲ್ ಗಾಡಿಯಾದರೆ ಮುಂದಿನ ಆಕ್ಸಲಿನ ರಬ್ಬರ್ ಬೂಟೂ ಹರಿಯುತ್ತದೆ.

ಇನ್ನು ನಡುಕ. ಈ ಗಾಡಿ ಓಡಿಸಿದವರಿಗೆ ಗೊತ್ತು. 60ರ ಆಸುಪಾಸಿನಲ್ಲಿ ಒಂದು ತಗ್ಗು ಹಾರಿದಿರಿ, ಮುಂದಿನ ಎರಡೂ ಚಕ್ರ ಮೈಮೇಲೆ ದೇವರು ಬಂದವರ ಹಾಗೆ ಗಡಗಡ ನಡುಗಲು ಶುರು. ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಹಾಗಾದಾಗ ಮೊದಲು ಆಕ್ಸಲರೇಟರ್ ಬಿಡಿ, ಸ್ಟೇರಿಂಗ್ ಗಟ್ಟಿ ಹಿಡಿಯಿರಿ, ಗಾಡಿ ನಿಧಾನವಾಗಲು ಬಿಟ್ಟು ಬದಿಗೆ ತಗೊಳ್ಳಿ. ಆದರೆ ಮರುದಿನ ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಕೇಳಿ: "ಒಂದು ಡ್ಯಾಂಪರ್ ಹಾಕೂಣ್ರಿ, ನಿಂದರ್ತೈತಿ." ನಮಗೆ ಸಿಟ್ಟು ಬರುವುದು ಇಲ್ಲಿಯೇ.

ಸ್ಟೇರಿಂಗ್ ಡ್ಯಾಂಪರ್ ಅಂದರೆ ಅಡ್ಡ ಮಲಗಿಸಿದ ಒಂದು ಶಾಕ್ ಅಬ್ಸಾರ್ಬರ್. ಎಲ್ಲ ಕೀಲುಗಳೂ ಬಿಗಿಯಾಗಿರುವ ಗಾಡಿಯಲ್ಲಿ ಅದಕ್ಕೆ ಅರ್ಥವಿದೆ. ಕೀಲು ಸಡಿಲಾದ ಗಾಡಿಗೆ ಅದನ್ನು ಹಾಕುವುದು ಜ್ವರಕ್ಕೆ ಕಾರಣ ನೋಡದೆ ಮಾತ್ರೆ ನುಂಗಿಸಿದಂತೆ. ನಡುಕ ಮುಚ್ಚಿಕೊಳ್ಳುತ್ತದೆ, ಸವೆತ ಒಳಗೆ ಮುಂದುವರಿಯುತ್ತದೆ. ಡ್ಯಾಂಪರ್ ಸತ್ತ ದಿನ ನಡುಕ ಮೊದಲಿಗಿಂತ ಜೋರಾಗಿ ಬರುತ್ತದೆ. ನಡುಗುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಟೈರಿನ ಬ್ಯಾಲೆನ್ಸು, ಟೈರಾಡ್ ಎಂಡು, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟು, ಚಕ್ರದ ಬೇರಿಂಗು, ಆಮೇಲೆ ಕ್ಯಾಸ್ಟರ್. ಕ್ಯಾಸ್ಟರ್ ಅಂದರೆ ಚಕ್ರ ತಿರುಗುವ ಕೀಲು ಎಷ್ಟು ಹಿಂದಕ್ಕೆ ವಾಲಿದೆ ಅನ್ನುವುದು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದು ಮುಖ್ಯವಾಗಿ ಇದರಿಂದ. ಉದ್ದ ಶ್ಯಾಕಲ್ ಹಾಕಿದಾಗ ಆಕ್ಸಲ್ ತಿರುಚಿಕೊಂಡು ಈ ವಾಲು ಕೆಡುತ್ತದೆ. ಆಗ ಗಾಡಿ ನೇರ ರಸ್ತೆಯಲ್ಲೂ ಕುಡಿದವರ ಹಾಗೆ ಅತ್ತಿತ್ತ ಅಲೆಯುತ್ತದೆ.

"ಪವರ್ ಸ್ಟೇರಿಂಗ್ ಐತಿ, ಏನಾಗಂಗಿಲ್ಲ ತಗೋರಿ" ಎಂಬ ಮಾತೂ ಕೇಳಿದ್ದೇವೆ. ಪವರ್ ಸ್ಟೇರಿಂಗ್ ಕೈಗೆ ಸುಖ ಕೊಡುತ್ತದೆ, ಟೈರಾಡಿಗೆ ಬಲ ಕೊಡುವುದಿಲ್ಲ. ಮೊದಲು ಗಡುಸಾಗಿ ಕೈಗೆ ತಿಳಿಯುತ್ತಿದ್ದ ತೊಂದರೆ ಈಗ ತಿಳಿಯುವುದೇ ಇಲ್ಲ, ಅಷ್ಟೇ ವ್ಯತ್ಯಾಸ. ಕಲ್ಲಿಗೆ ಒತ್ತಿ ನಿಂತ ದೊಡ್ಡ ಟೈರನ್ನು ನಿಂತಲ್ಲೇ ಬಲವಂತವಾಗಿ ತಿರುಗಿಸಿದರೆ ಆ ಬಲವೆಲ್ಲ ಹಾಯುವುದು ಅದೇ ತೆಳ್ಳನೆಯ ಸರಳಿನ ಮೂಲಕ.

ಇದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿದೆ. ಡ್ರ್ಯಾಗ್ ಲಿಂಕ್ ಅಳತೆಗೆ ಬರಲಿಲ್ಲ ಅಂತ ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸುವುದು, ಕತ್ತರಿಸಿ ನಡುವೆ ತುಂಡು ಇಟ್ಟು ವೆಲ್ಡಿಂಗ್ ಹೊಡೆಯುವುದು. ಟ್ರೇಲರಿನ ಹಲಗೆಗೆ ವೆಲ್ಡಿಂಗ್ ಹಾಕಿದ ಹಾಗೆ ಸ್ಟೇರಿಂಗಿಗೂ ಹಾಕುತ್ತಾರೆ! ಬಡಿದು ಹದ ಮಾಡಿದ ಉಕ್ಕನ್ನು ಕೆಂಪಗೆ ಕಾಯಿಸಿದರೆ ಹದ ಹೋಗುತ್ತದೆ. ಕುಡುಗೋಲು ಬೆಂಕಿಗೆ ಬಿದ್ದರೆ ಬಾಯಿ ನಿಲ್ಲುವುದಿಲ್ಲ ಎಂಬುದು ನಮ್ಮೂರ ಕಮ್ಮಾರನಿಗೂ ರೈತನಿಗೂ ಗೊತ್ತಿರುವ ಸಂಗತಿ. ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಬಣ್ಣ ಹೊಡೆದಿದ್ದರೆ ಕಾಣುವುದೂ ಇಲ್ಲ. ಹೀಗೆ ಮಾಡಿಕೊಡುವ ಗ್ಯಾರೇಜಿನಿಂದ ಗಾಡಿ ವಾಪಸ್ ತಗೊಂಡು ಬನ್ನಿ, ಕೊಟ್ಟ ಅಡ್ವಾನ್ಸ್ ಹೋದರೂ ಹೋಗಲಿ.

ಎಲ್ಲ ತಪ್ಪನ್ನೂ ಮಿಸ್ತ್ರಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹುಬ್ಬಳ್ಳಿಯಲ್ಲಿ ಕಿವಿಯಲ್ಲೇ ಬೇರಿಂಗಿನ ರೋಗ ಹಿಡಿಯುವ ಹಳೆಯ ಕೈಗಳಿವೆ. "ಕಾಕಾ, ಎತ್ತರ ಮಾಡಿಕೊಡ್ರಿ" ಅಂದಾಗ "ತಮ್ಮಾ, ಮೊದ್ಲ ಕೆಳಗಿಂದು ಮಾಡಸು" ಅನ್ನುವವರು ಅವರೇ. ಗಿರಾಕಿ ಕೇಳುವುದಿಲ್ಲ. ಕೆಳಗಿನ ಕೆಲಸ ರೀಲ್ಸಿನಲ್ಲಿ ಕಾಣುವುದಿಲ್ಲವಲ್ಲ! ಟೈರಿಗೆ ಹಣ ಎಣಿಸಿದ ಕೈ, ಟೈರಾಡ್ ಎಂಡಿನ ಬೆಲೆ ಕೇಳಿ ಚೌಕಾಸಿಗೆ ಇಳಿಯುತ್ತದೆ.

ರೀಲ್ಸಿನ ಮಾತು ಬಂತು. ಗೋವಾದಲ್ಲಿ 2014ರಿಂದ ರೇನ್‌ಫಾರೆಸ್ಟ್ ಚಾಲೆಂಜ್ ಎಂಬ ಕಾಡುದಾರಿಯ ಸ್ಪರ್ಧೆ ನಡೆದಿದೆ. ಅದರ ವಿಡಿಯೊ ನೋಡಿ ಮರುಳಾದವರು ಬಹಳ. ಆ ಗಾಡಿಗಳು ಸ್ಪರ್ಧೆಗೆಂದೇ ಕಟ್ಟಿದವು. ಒಳಗೆ ಕಬ್ಬಿಣದ ಪಂಜರ ಇರುತ್ತದೆ, ಕೂತವರು ಹೆಲ್ಮೆಟ್ ಹಾಕಿರುತ್ತಾರೆ, ಓಡುವುದು ಆಮೆಯ ವೇಗದಲ್ಲಿ, ಎದುರಿಗೆ ವಾಯುವ್ಯ ಸಾರಿಗೆ ಬಸ್ ಬರುವುದಿಲ್ಲ. ಹರಿಯಾಣದ ಮಂಡಿ ಡಬ್ವಾಲಿ ಬಣ್ಣಬಣ್ಣದ ಎತ್ತರದ ಜೀಪು ಕಟ್ಟುವುದಕ್ಕೆ ದೇಶಕ್ಕೆಲ್ಲ ಹೆಸರಾದ ಊರು. ಅಲ್ಲಿಂದ ತರಿಸಿದ ಜೀಪನ್ನು ನೆಚ್ಚಿಕೊಂಡು ನಮ್ಮ ಹುಬ್ಬಳ್ಳಿ-ಅಂಕೋಲಾ ರಸ್ತೆಯ ಅರಬೈಲ್ ಘಟ್ಟ ಇಳಿಯುವ ಮೊದಲು ಅದರ ಕೀಲು ಒಂದೊಂದನ್ನೂ ಬಿಚ್ಚಿ ನೋಡಬೇಕು.

"ಎರಿ ಮಣ್ಣಾಗ ಹೊಲಕ್ಕ ಹೋಗಬೇಕಲ್ರಿ, ಎತ್ತರ ಬೇಕ ಬೇಕು" ಎನ್ನುವ ವಾದಕ್ಕೆ ಮಾತ್ರ ನಾವು ಸ್ವಲ್ಪ ಕಿವಿಗೊಡುತ್ತೇವೆ. ಮಳೆಗಾಲದಲ್ಲಿ ಬೆಣ್ಣೆಹಳ್ಳದ ದಂಡೆಯ ಊರುಗಳ ಹೊಲದ ಹಾದಿ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಎರೆ ಮಣ್ಣು ಟೈರಿನ ಗಾಡಿಗಳನ್ನು ಒಮ್ಮೆ ತುಂಬಿಕೊಂಡಿತೆಂದರೆ 28 ಇಂಚೂ ಒಂದೇ, 31 ಇಂಚೂ ಒಂದೇ, ಎರಡೂ ಬೋಳು ಟೈರಿನ ಹಾಗೆ ಜಾರುತ್ತವೆ. ಅಲ್ಲಿಗೆ ಟ್ರ್ಯಾಕ್ಟರ್ ಇದೆ, ಇಲ್ಲವೇ ನಡಿಗೆ ಇದೆ. ಎತ್ತರಿಸಿದ ಗಾಡಿಗಳನ್ನು ನಾವು ಹೆಚ್ಚಾಗಿ ಕಂಡದ್ದು ಎರೆಹೊಲದಲ್ಲಲ್ಲ, ಡಾಂಬರಿನ ಮೇಲೆ. ಆ ಡಾಂಬರು ಯಾವುದು? ಹುಬ್ಬಳ್ಳಿ-ಧಾರವಾಡ ಬೈಪಾಸ್. ನಾಲ್ಕು ಪಥದ ಹೆದ್ದಾರಿ ಬಂದು ಇಕ್ಕಟ್ಟಾಗುತ್ತಿದ್ದ ಈ ರಸ್ತೆಯಲ್ಲೇ 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಮುಖಾಮುಖಿಯಾಗಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಹೆಣ್ಣುಮಕ್ಕಳು ಸತ್ತರು. ಆ ಅಪಘಾತಕ್ಕೂ ಎತ್ತರಿಸಿದ ಗಾಡಿಗೂ ಸಂಬಂಧವಿಲ್ಲ. ಅಂಥ ರಸ್ತೆಯಲ್ಲಿ ಒಂದು ಮೊಳ ಬಲಕ್ಕೆ ಸರಿದರೆ ಏನಾಗುತ್ತದೆ ಎಂಬುದಕ್ಕಷ್ಟೇ ನೆನಪಿಸಿದೆವು. ಬಂಪ್ ಸ್ಟೇರ್ ಗಾಡಿಯನ್ನು ಸರಿಸುವುದು ಅಷ್ಟನ್ನೇ.

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ಅಳತೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ನೀವೇ ಕಾರಣ ಕೊಟ್ಟ ಹಾಗೆ. ಹೀಗಿದ್ದೂ ಕೆಎ-25, ಕೆಎ-63 ನಂಬರಿನ ಎತ್ತರದ ಗಾಡಿಗಳು ಹಗಲಲ್ಲೇ ಓಡಾಡುತ್ತವೆ. ಹೆಲ್ಮೆಟ್ ಇಲ್ಲದ ರೈತನ ಬೈಕಿಗೆ ಕೈ ಅಡ್ಡ ಹಿಡಿಯುವವರು ಆ ಗಾಡಿಗಳ ಕೆಳಗೆ ಒಮ್ಮೆಯಾದರೂ ಟಾರ್ಚ್ ಹಿಡಿಯಲಿ. ಬರೀ ದಂಡದ ಪಾವತಿ ಹರಿದು ಬಿಟ್ಟರೆ ಸಾಲದು. ಸವೆದ ಟೈರಾಡ್ ದಂಡ ಕಟ್ಟಿದರೆ ಗಟ್ಟಿಯಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಮೊದಲ ಸಲಹೆ, ಮೂಲ ಅಳತೆಗೆ ವಾಪಸ್ ಬನ್ನಿ. ಆಳು ಸಾಗಿಸುವ ಗಾಡಿಯಾದರೆ ಇದರಲ್ಲಿ ಎರಡನೇ ಮಾತೇ ಇಲ್ಲ.

ಬರುವುದಿಲ್ಲ ಅನ್ನುವವರು, ಎತ್ತರಿಸಿದ್ದನ್ನೇ ಸೆಕೆಂಡ್ ಹ್ಯಾಂಡ್ ತಗೊಂಡು ಸಿಕ್ಕಿಬಿದ್ದವರು ಇರುತ್ತಾರೆ. ಅವರಿಗೆ ಹೇಳುವುದು ಇಷ್ಟು. ಕೆಲಸದ ಸರತಿ ಉಲ್ಟಾ ಮಾಡಿ. ಟೈರು ಕೊನೆಗೆ. ಮೊದಲು ಹಳೆಯ ಕೀಲುಗಳನ್ನೆಲ್ಲ ಬದಲಿಸಿ. ಆಮೇಲೆ ದಪ್ಪ ಸರಳಿನ, ಹೆಚ್ಚು ಭಾರ ತಡೆಯುವ ಎಂಡುಗಳ ಟೈರಾಡ್. ಡ್ರ್ಯಾಗ್ ಲಿಂಕ್ ಮತ್ತೆ ಅಡ್ಡಕ್ಕೆ ಬರಬೇಕು. ಅದಕ್ಕೆ ಕೆಳಕ್ಕೆ ಚಾಚಿದ ಪಿಟ್‌ಮನ್ ಆರ್ಮ್ ಹಾಕುತ್ತಾರೆ, ಇಲ್ಲವೇ ಚಕ್ರದ ಕಡೆಯ ಆರ್ಮನ್ನು ಎತ್ತರಿಸುತ್ತಾರೆ. ಉದ್ದ ಪಿಟ್‌ಮನ್ ಆರ್ಮ್ ಹಾಕಿದರೆ ಬಾಕ್ಸಿನ ಶಾಫ್ಟಿನ ಮೇಲೂ ಅದು ಕೂತ ಚಾಸಿಯ ಮೇಲೂ ಹೊರೆ ಹೆಚ್ಚುತ್ತದೆ. ಬಾಕ್ಸಿನ ಬೋಲ್ಟಿನ ಸುತ್ತ ಚಾಸಿ ಬಿರುಕು ಬಿಟ್ಟಿದೆಯೇ ನೋಡಿ, ಅಲ್ಲಿಗೆ ಆಸರೆ ಪ್ಲೇಟ್ ಬೇಕು. ಕ್ಯಾಸ್ಟರ್ ಸರಿ ಮಾಡಲು ಆಕ್ಸಲಿಗೂ ಸ್ಪ್ರಿಂಗಿಗೂ ನಡುವೆ ಓರೆ ಪಟ್ಟಿ ಬರುತ್ತದೆ. ಬಾಡಿಯನ್ನಷ್ಟೇ ಎತ್ತಿಸಿದವರು ಸ್ಟೇರಿಂಗ್ ಕೋಲಿನಿಂದ ಬಾಕ್ಸಿಗೆ ಇಳಿಯುವ ಶಾಫ್ಟ್ ತನ್ನ ಹಲ್ಲುಗಳಲ್ಲಿ ಪೂರ್ತಿ ಕೂತಿದೆಯೇ ಎಂದು ನೋಡಲೇಬೇಕು, ಅದು ಅರ್ಧಕ್ಕೆ ಹಿಡಿದು ನಿಂತಿದ್ದರೆ ಗಾಡಿ ಹೊರಗೆ ತೆಗೆಯಬೇಡಿ. ಎಲ್ಲ ಆದಮೇಲೆ ಅಲೈನ್‌ಮೆಂಟ್, ಮತ್ತು ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟೈರು ಸ್ಪ್ರಿಂಗಿಗಾಗಲಿ ಬ್ರೇಕ್ ಪೈಪಿಗಾಗಲಿ ತಾಗುತ್ತದೆಯೇ ಎಂಬ ಪರೀಕ್ಷೆ. ಇಷ್ಟು ಮಾಡಿದರೂ ಕಾನೂನಿನ ಕಣ್ಣಿಗೆ ಗಾಡಿ ಸರಿಹೋಗುವುದಿಲ್ಲ. ರಸ್ತೆಯಲ್ಲಿ ಎದುರು ಬರುವವನಿಗೆ ಇರುವ ಅಪಾಯ ಮಾತ್ರ ತುಸು ಕಡಿಮೆಯಾಗುತ್ತದೆ.

ಪುಕ್ಕಟೆ ಪರೀಕ್ಷೆಯೊಂದನ್ನು ಯಾರು ಬೇಕಾದರೂ ಮಾಡಬಹುದು, ಗಾಡಿ ಎತ್ತರಿಸಿರಲಿ ಬಿಡಲಿ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ನಾಲ್ಕು ಬೆರಳಿನಷ್ಟು ಅಲ್ಲಾಡಿಸುತ್ತಿರಲಿ. ಇನ್ನೊಬ್ಬರು ಬದಿಯಿಂದ ಬಗ್ಗಿ ಒಂದೊಂದೇ ಕೀಲಿನ ಮೇಲೆ ಬೆರಳಿಡಲಿ. ಸರಳು ಅಲುಗಿದ ಕೂಡಲೇ ಅದರಾಚೆಯದೂ ಅಲುಗಬೇಕು. ನಡುವೆ ತಡವಾದರೆ, ಬೆರಳಿಗೆ 'ಟಕ್' ಅಂತ ತಾಗಿದರೆ ಆ ಕೀಲು ಸತ್ತಿದೆ. ನಟ್ಟುಗಳಲ್ಲಿ ಸ್ಪ್ಲಿಟ್ ಪಿನ್ ಇದೆಯೇ, ಅದರ ಜಾಗದಲ್ಲಿ ತಂತಿ ಸುತ್ತಿದ್ದಾರೆಯೇ ನೋಡಿ. ಎತ್ತರದ ಗಾಡಿಗೆ ಈ ಪರೀಕ್ಷೆ ತಿಂಗಳಿಗೊಮ್ಮೆ ಬೇಕು, ದೊಡ್ಡ ತಗ್ಗಿಗೆ ಬಿದ್ದ ದಿನವೂ ಬೇಕು.

ಕೂಲಿಗೆ ಹೋಗುವ ಅಕ್ಕತಂಗಿಯರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಫೋನ್ ಓದುವ ಮಗಳು ಇದನ್ನು ಓದಿ ಹೇಳಲಿ. ನೇರ ರಸ್ತೆಯಲ್ಲೂ ಡ್ರೈವರ್ ಸ್ಟೇರಿಂಗನ್ನು ಸುಮ್ಮನಿಡದೆ ಅತ್ತಿತ್ತ ತಿದ್ದುತ್ತಲೇ ಇದ್ದರೆ, ತಗ್ಗು ಬಂದಾಗಲೆಲ್ಲ ಎರಡೂ ಕೈಯಿಂದ ಅದರ ಜೊತೆ ಜಗ್ಗಾಡುತ್ತಿದ್ದರೆ, ಗಾಡಿ ನಿಲ್ಲಿಸಲು ಹೇಳಿ ಇಳಿದುಬಿಡಿ. ಆಳು ಕರೆಯುವ ಮೇಸ್ತ್ರಿಗೆ ಹಿಂದಿನ ದಿನವೇ ತಿಳಿಸಿ: ನಾಳೆ ಬೇರೆ ಗಾಡಿ ತಂದರೆ ಬರುತ್ತೇವೆ, ಇಲ್ಲದಿದ್ದರೆ ಇಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಆಳು ಸಿಗುವುದೇ ಕಷ್ಟ, ನಿಮ್ಮ ಮಾತು ಅವರು ಕೇಳಲೇಬೇಕಾಗುತ್ತದೆ.